ತೆರೆಯದೆ ಮುಳುಗಿದ ಬಾಗಿಲು

ದೆವ್ವ, ಗಾಳಿ, ಸೋಕು ಎಂದು ಯಾರಾದರೂ ಮಾತು ತೆಗೆದರೆ ಎದ್ದು ಹೋಗುತ್ತಿದ್ದವನು ನಾನು. ಹುಣಸೂರಿನ ಬಸ್ ಸ್ಟ್ಯಾಂಡಿನ ಹಿಂದೆ ಫೋಟೋ ಸ್ಟುಡಿಯೋ ಇಟ್ಟುಕೊಂಡಿದ್ದೆ. ಕತ್ತಲೆ ಕೋಣೆಯಲ್ಲಿ ಒಬ್ಬನೇ ಕೂತು ಕೆಲಸ ಮಾಡುತ್ತಿದ್ದೆ. ಸತ್ತವರ ಹಳೆಯ ಫೋಟೋಗಳನ್ನು ದೊಡ್ಡದು ಮಾಡಿ, ಹಣೆಗೆ ಕುಂಕುಮ ತಿದ್ದಿ, ಚೌಕಟ್ಟು ಹಾಕಿ ಕೊಡುತ್ತಿದ್ದೆ. ಕಾಣಿಸಿಕೊಳ್ಳುವ ಆಸೆ ಸತ್ತವರಿಗಿದ್ದರೆ ಮೊದಲು ನನ್ನ ಅಂಗಡಿಗೇ ಬರಬೇಕಿತ್ತು, ಒಬ್ಬರೂ ಬಂದಿಲ್ಲ ಎಂದು ಹೇಳಿ ಎಷ್ಟೋ ಜನರನ್ನು ನಗಿಸಿದ್ದೇನೆ. ಈಗ ನಾನು ಬರೆಯುತ್ತಿರುವುದನ್ನು ಓದಿ ನೀವು ನಕ್ಕರೆ ನನಗೆ ಬೇಸರವಿಲ್ಲ. ನಿಮ್ಮ ಜಾಗದಲ್ಲಿದ್ದಿದ್ದರೆ ನಾನೂ ನಗುತ್ತಿದ್ದೆ.

ಮೊದಲು ನನ್ನ ಅಕ್ಕ ಸಣ್ಣಮ್ಮನ ವಿಷಯ ಹೇಳಬೇಕು. ಅವಳನ್ನು ಎಚ್.ಡಿ. ಕೋಟೆ ಕಡೆ, ಕಬಿನಿ ಹೊಳೆ ದಂಡೆಯ ಒಂದು ಹಳ್ಳಿಗೆ ಕೊಟ್ಟಿದ್ದೆವು. ಎಪ್ಪತ್ತರ ದಶಕದಲ್ಲಿ ಹೊಳೆಗೆ ಅಣೆಕಟ್ಟು ಎದ್ದಾಗ ಆ ಹಳ್ಳಿಯೂ ಮುಳುಗಡೆಗೆ ಸೇರಿತು. ಊರಿನವರೆಲ್ಲ ಗಂಟುಮೂಟೆ ಕಟ್ಟುತ್ತಿದ್ದ ಬೇಸಿಗೆಯಲ್ಲಿ ನಮ್ಮ ಭಾವ ಎದೆನೋವು ಎಂದು ಮಲಗಿದವರು ಏಳಲಿಲ್ಲ. ಪ್ರಾಣ ಹೋದ ನಕ್ಷತ್ರ ಕೆಟ್ಟದ್ದು, ಮನೆ ಬಿಡಬೇಕು ಎಂದರು ಜೋಯಿಸರು.

ನಮ್ಮ ಸೀಮೆಯಲ್ಲಿ ಇದು ಎಲ್ಲರಿಗೂ ಗೊತ್ತಿರುವ ಪದ್ಧತಿ. ಕೆಟ್ಟ ನಕ್ಷತ್ರದಲ್ಲಿ ಯಾರಾದರೂ ಸತ್ತರೆ ಮನೆಯವರು ಹೊರಗೆ ಬಂದು, ಬಾಗಿಲು ಹಾಕಿ, ಹೊಸ್ತಿಲಿಗೆ ಮುಳ್ಳು ಹಾಸಿ ಕೆಲವು ತಿಂಗಳು ಬೇರೆ ಕಡೆ ಇರುತ್ತಾರೆ. ಅವಧಿ ಮುಗಿದ ದಿನ ಬಾಗಿಲು ತೆಗೆದು, ಪಕ್ಕಕ್ಕೆ ಸರಿದು ನಿಂತು ಸತ್ತವರಿಗೆ ದಾರಿ ಬಿಡಬೇಕು. ಆಮೇಲೆ ಸಾರಿಸಿ ದೀಪ ಹಚ್ಚಿ ಶಾಂತಿ ಮಾಡಿಸಬೇಕು. ಅಲ್ಲಿಯವರೆಗೆ ಸತ್ತವರು ಆ ಮನೆಯೊಳಗೇ ಇರುತ್ತಾರೆ ಎಂದು ನಂಬಿಕೆ.

ಅಕ್ಕನ ದುರದೃಷ್ಟ ಏನೆಂದರೆ, ಆ ಅವಧಿ ಮುಗಿಯುವ ಮೊದಲೇ ಮುಂಗಾರು ಬಂತು. ಊರಿನವರೆಲ್ಲ ಹೊಸ ಜಾಗದಲ್ಲಿ ಬೇಕಾಗುತ್ತದೆಂದು ತಮ್ಮ ಮನೆಗಳ ಬಾಗಿಲು, ತೊಲೆ, ಹೆಂಚು ಕಿತ್ತು ಗಾಡಿಗೆ ಹೇರಿಕೊಂಡು ಹೋದರು. ಅಕ್ಕನ ಮನೆಯನ್ನು ಮಾತ್ರ ಯಾರೂ ಮುಟ್ಟುವಂತಿರಲಿಲ್ಲ. ನಾನು ಬೀಗ ಒಡೆಯುತ್ತೇನೆ ಎಂದು ಹೊರಟಾಗ ಅವಳು ನನ್ನ ಕಾಲು ಹಿಡಿದುಕೊಂಡಳು. ಹೀಗಾಗಿ ಬಾಗಿಲಿಲ್ಲದ ಮನೆಗಳ ನಡುವೆ ಅದೊಂದು ಮನೆ ಬಾಗಿಲು ಹಾಕಿಕೊಂಡೇ ನೀರಿನಡಿಗೆ ಹೋಯಿತು.

ಹೊಸ ಕಾಲೋನಿಯಲ್ಲಿ ಅಕ್ಕ, ಅವಳ ಮಗಳು ಜಯಮ್ಮ ಇಬ್ಬರೇ ಇದ್ದರು. ಅಲ್ಲಿನ ಮನೆಯ ಬಾಗಿಲನ್ನು ಅಕ್ಕ ಹಾಕುತ್ತಲೇ ಇರಲಿಲ್ಲ. ಕಾಡಿನ ಅಂಚು, ಚಿರತೆ ಬಂದು ನಾಯಿ ಹೊತ್ತುಕೊಂಡು ಹೋಗುವ ಜಾಗ. ನಾನು ಬೈದರೆ, "ಅವ್ರು ಇನ್ನೂ ಒಳಗೇ ಅವ್ರೆ ಕಣ್ಲಾ. ಎಂಗೋ ಬಾಗ್ಲು ತಕ್ಕಂಡು ಬಂದ್ರೆ, ಇಲ್ಲಿ ನಾನು ಬಾಗ್ಲು ಆಕ್ಕಂಡಿದ್ರೆ ಎಲ್ಲಿಗೋಯ್ತಾರೆ?" ಎನ್ನುತ್ತಿದ್ದಳು. ಬರಬರುತ್ತಾ ಊಟ ಬಿಟ್ಟಳು. ಹೊಸ್ತಿಲಿಗೆ ಮುಖ ಮಾಡಿ ಕೂತುಕೊಂಡರೆ ಹೊತ್ತು ಮುಳುಗಿದರೂ ಏಳುತ್ತಿರಲಿಲ್ಲ. ಒಂದು ದಿನ ಜಯಮ್ಮ ಬಸ್ಸು ಹತ್ತಿಕೊಂಡು ನನ್ನ ಅಂಗಡಿಗೇ ಬಂದು ಅತ್ತಳು. "ಅವ್ವ ಉಳ್ಯಾಕಿಲ್ಲ ಮಾವ. ಏನಾದ್ರೂ ಮಾಡು" ಎಂದಳು. ಅಕ್ಕ ನನ್ನನ್ನು ಎತ್ತಿ ಆಡಿಸಿದವಳು. ಅವಳ ತೋಳು ಆಗ ಸೌದೆ ಸೀಳಿನಷ್ಟಾಗಿತ್ತು.

ಅದೇ ದಿನಗಳಲ್ಲಿ ಹೊಗೆಸೊಪ್ಪಿನ ಸಾಹುಕಾರರೊಬ್ಬರಿಗೆ ಸೊಪ್ಪು ಹದ ಮಾಡುವ ತಮ್ಮ ಬ್ಯಾರನ್ನುಗಳನ್ನೂ ಹುಣಸೂರು ಪೇಟೆಯನ್ನೂ ಆಕಾಶದಿಂದ ಫೋಟೋ ತೆಗೆಸಿ ಕ್ಯಾಲೆಂಡರ್ ಮಾಡಿಸುವ ಹುಚ್ಚು ಹತ್ತಿತು. ಅವರ ಗೆಳೆಯರು ಬೋಪಯ್ಯ ಎಂದು, ಕೊಡಗಿನ ಕಾಫಿ ತೋಟದವರು, ಹಿಂದೆ ಸೇನೆಯಲ್ಲಿ ವಿಮಾನ ಓಡಿಸಿದ್ದವರು. ಇಬ್ಬರೇ ಕೂರುವ ಪುಟ್ಟ ವಿಮಾನವೊಂದನ್ನು ಅವರು ಹೊಂದಿಸಿದರು. ನನಗೆ ಕರೆ ಬಂತು. ಅಕ್ಕನ ಊರಿದ್ದ ಜಾಗದ ಮೇಲೂ ಒಂದು ಸುತ್ತು ಹಾಕಿಸಿ ಫೋಟೋ ತೆಗೆಯಬೇಕೆಂದು ಅವತ್ತೇ ನಿಶ್ಚಯಿಸಿದೆ. ಅಲ್ಲಿ ಮನೆಯೂ ಇಲ್ಲ, ಬಾಗಿಲೂ ಇಲ್ಲ, ಬರೀ ನೀರು ನೋಡು ಎಂದು ಕೈಗೆ ಕೊಟ್ಟರೆ ಅವಳ ಭ್ರಮೆ ಬಿಡಬಹುದು ಎಂಬುದು ನನ್ನ ಲೆಕ್ಕ. ಬೋಪಯ್ಯನವರಿಗೆ, ಹಿನ್ನೀರಿನ ಮೇಲೂ ಹೋಗಬೇಕು, ಅಕ್ಕನ ಊರು ಅಲ್ಲಿತ್ತು ಎಂದಷ್ಟೇ ಹೇಳಿದೆ. ಬಾಗಿಲಿನ ಕಥೆ ಹೇಳಲಿಲ್ಲ.

ಮೈಸೂರಿನ ಮಂಡಕಳ್ಳಿ ಬಯಲಿನಿಂದ ಮಧ್ಯಾಹ್ನ ಊಟದ ಹೊತ್ತಿಗೆ ಹೊರಟೆವು. ಹೊರಡುವ ಮೊದಲು ಬೋಪಯ್ಯನವರು ಮೈ ಚಾಚಿ ನನ್ನ ಪಕ್ಕದ ಬಾಗಿಲಿನ ಚಿಲಕ ತಾವೇ ಹಾಕಿ, ಮೊಣಕೈಯಿಂದ ತಳ್ಳಿ ನೋಡಿದ್ದು ನನಗೆ ಚೆನ್ನಾಗಿ ನೆನಪಿದೆ. ಚಳಿಗಾಲದ ತಿಳಿ ಬಿಸಿಲು, ಎಲೆ ಅಲ್ಲಾಡುವಷ್ಟೂ ಗಾಳಿಯಿಲ್ಲ. ಹುಣಸೂರಿನ ಕೆಲಸ ಸಲೀಸಾಗಿ ಮುಗಿಯಿತು. ಲಕ್ಷ್ಮಣತೀರ್ಥ ಹೊಳೆ ಒಣಗಲು ಹಾಕಿದ ಪಂಚೆಯ ಹಾಗೆ ಬಿದ್ದಿತ್ತು. ಅಲ್ಲಿಂದ ದಕ್ಷಿಣಕ್ಕೆ ತಿರುಗಿದೆವು.

ಹಿನ್ನೀರು ಕಂಡಿತು. ಊಟ ಮಾಡಿದ ಊರು, ಈಜಿದ ಹೊಳೆ, ಭಾವನ ಜೊತೆ ಸಂಜೆ ನಡೆದ ಗದ್ದೆ ಬದು ಎಲ್ಲಾ ಒಂದೇ ಬೂದಿ ಬಣ್ಣದ ನೀರಾಗಿತ್ತು. ಸತ್ತ ಮರಗಳ ತುದಿಗಳಷ್ಟೇ ಮೇಲೆ ನಿಂತಿದ್ದವು. ಅಕ್ಕನ ಮನೆಯ ಎದುರಿನ ಆಲದ ಮರದ ಗುರುತು ಹಿಡಿದೆ. ಅದರ ಒಂದು ಕೊಂಬೆ ಸಿಡಿಲು ಬಡಿದು ಬೋಳಾಗಿತ್ತು. "ಇದೇ ಜಾಗ" ಎಂದು ಕೂಗಿದೆ. ನನಗೆ ಕಾಣಲೆಂದು ಬೋಪಯ್ಯನವರು ವಿಮಾನವನ್ನು ನನ್ನ ಬದಿಗೆ ವಾಲಿಸಿದರು. ಬಗ್ಗಿ ತೆಗೆಯಲು ಬೆಲ್ಟು ಸಡಿಲ ಮಾಡಿಕೊಂಡು ಕ್ಯಾಮೆರಾ ಕಣ್ಣಿಗಿಟ್ಟು ಒಂದು ಫೋಟೋ ತೆಗೆದೆ.

ಆಗ ಠಪ್ಪೆಂದು ಚಿಲಕ ಹಾರಿ ನನ್ನ ಪಕ್ಕದ ಬಾಗಿಲು ತೆರೆದುಕೊಂಡಿತು.

ಗಾಳಿ ನುಗ್ಗಿ ಕಣ್ಣಿಗೆ ಏನೂ ಕಾಣಲಿಲ್ಲ. ವಾಲಿದ ವಿಮಾನದಲ್ಲಿ ನನ್ನ ಕೆಳಗೆ ನೀರು ಬಿಟ್ಟರೆ ಬೇರೇನೂ ಇರಲಿಲ್ಲ. ಯಾರಿಗಾದರೂ ಬರುವ ಯೋಚನೆಯೇ ನನಗೂ ಬಂತು, ಕೈ ಚಾಚಿ ಬಾಗಿಲು ಹಿಡಿದು ಎಳೆದೆ. ಎರಡು ಸೀಟಿನ ಮುಂದೆಯೂ ವಿಮಾನ ತಿರುಗಿಸುವ ಕೋಲು ಒಂದೊಂದಿತ್ತು. ಎಳೆಯುವ ರಭಸಕ್ಕೆ ನನ್ನ ಮಂಡಿ ನನ್ನ ಮುಂದಿನ ಕೋಲಿಗೆ ಬಡಿಯಿತು. ವಿಮಾನದ ಮೂತಿ ಕೆಳಗಾಯಿತು. ಆಲದ ಮರದ ಬೋಳು ಕೊಂಬೆ ನಮ್ಮ ಕಡೆಗೇ ಎದ್ದು ಬಂದಂತಾಯಿತು.

"ಬಾಗಿಲು ಬಿಡಿ! ಕೈ ತೆಗೀರಿ ಮಾರಾಯ್ರೆ!" ಎಂದು ಬೋಪಯ್ಯನವರು ನನ್ನ ಭುಜಕ್ಕೆ ಗುದ್ದಿದರು. ನಾನು ಮತ್ತೊಮ್ಮೆ ಕೈ ಚಾಚಿದೆ. "ಬಾಗಿಲಿಲ್ಲದೆ ವಿಮಾನ ಹಾರ್ತದೆ. ನೀವು ಅದನ್ನ ಎಳೀಲಿಕ್ಕೆ ಹೋದ್ರೆ ಇಬ್ರೂ ಸಾಯ್ತೇವೆ. ಬಿಡಿ ಅಂದ್ರೆ ಬಿಡಿ!" ಎಂದರು. ಬಿಟ್ಟೆ. ಸೀಟಿನ ಅಂಚು ಹಿಡಿದು ಕಣ್ಣು ಮುಚ್ಚಿದೆ. ಅವರು ನಿಧಾನವಾಗಿ ವಿಮಾನ ಮೇಲಕ್ಕೆತ್ತಿ ನೆಟ್ಟಗೆ ಮಾಡಿದರು.

ಇಲ್ಲಿಯವರೆಗಿನದು ಅಪಘಾತ, ಅದರಲ್ಲಿ ವಿಚಿತ್ರವೇನಿಲ್ಲ. ಮುಂದಿನದನ್ನು ಕಂಡಂತೆ ಹೇಳುತ್ತೇನೆ. ಕಣ್ಣು ಬಿಟ್ಟಾಗ ಬಾಗಿಲು ಪೂರ್ತಿ ತೆರೆದು, ಅಲ್ಲಾಡದೆ ನಿಂತಿತ್ತು. ಅದರ ಕೀಲು ಮುಂದುಗಡೆ ಇದ್ದದ್ದು. ಎದುರು ಗಾಳಿ ಅದನ್ನು ಮುಚ್ಚುವ ಹಾಗೆ ಒತ್ತಬೇಕು. ಅಂಗೈ ಅಗಲಕ್ಕಿಂತ ಹೆಚ್ಚು ತೆರೆಯುವುದಕ್ಕೇ ಆಗುವುದಿಲ್ಲವೆಂದು ಆಮೇಲೆ ಬೋಪಯ್ಯನವರೇ ಹೇಳಿದರು. ಯಾರೋ ಹಿಡಿದುಕೊಂಡು, ಇನ್ನೊಬ್ಬರಿಗೆ ದಾರಿ ಬಿಟ್ಟು ನಿಂತ ಹಾಗಿತ್ತು ಅದು. ಅಷ್ಟು ಗಾಳಿಯಲ್ಲೂ ನನ್ನ ಮೂಗಿಗೆ ಒಂದು ವಾಸನೆ ಬಂತು. ಬಹಳ ಕಾಲ ಬಾಗಿಲು ಹಾಕಿದ್ದ ಮನೆಯ ವಾಸನೆ, ಹಳೇ ಒಲೆ ಬೂದಿ, ಮುಗ್ಗಿದ ರಾಗಿ, ಆರಿದ ದೀಪದ ಎಣ್ಣೆ. ಆಮೇಲೆ ಬಾಗಿಲು ಮೆಲ್ಲಗೆ ವಾಲಿಕೊಂಡು ಬಂದು, ಬೋಪಯ್ಯನವರು ಹೇಳಿದ ಹಾಗೆಯೇ ಅಂಗೈ ಅಗಲದಲ್ಲಿ ನಿಂತು ಪಟಪಟನೆ ಬಡಿದುಕೊಳ್ಳತೊಡಗಿತು. ಮಂಡಕಳ್ಳಿಯಲ್ಲಿ ಇಳಿಯುವ ತನಕ ಬಡಿದುಕೊಳ್ಳುತ್ತಲೇ ಇತ್ತು.

ಇಳಿದ ಮೇಲೆ ಬೋಪಯ್ಯನವರು ಚಿಲಕವನ್ನು ಹಾಕಿ ತೆಗೆದು, ಹಾಕಿ ತೆಗೆದು ನೋಡಿದರು. ಏನೂ ಕೆಟ್ಟಿರಲಿಲ್ಲ. ನನ್ನ ಮುಖ ನೋಡಿ, "ಮನೆಗೆ ಹೋಗಿ ಮಲಗಿ" ಎಂದಷ್ಟೇ ಹೇಳಿದರು.

ನಾನು ಮನೆಗೆ ಹೋಗದೆ ಕೋಟೆ ಬಸ್ಸು ಹತ್ತಿದೆ. ಯಾಕೆಂದು ಕೇಳಬೇಡಿ, ಅಕ್ಕನನ್ನು ನೋಡಬೇಕು ಅನ್ನಿಸಿತು. ನಡೆದದ್ದನ್ನು ಅವಳಿಗೆ ಹೇಳಬಾರದೆಂದೂ ದಾರಿಯಲ್ಲೇ ತೀರ್ಮಾನಿಸಿದ್ದೆ. ಹೆದರುವವರ ಮೇಲೆ ಕಪ್ಪೆ ಎಸೆಯುವ ಕೆಲಸ ಯಾಕೆ ಎಂದುಕೊಂಡೆ. ಕಾಲೋನಿ ತಲುಪಿದಾಗ ದೀಪ ಹಚ್ಚುವ ಹೊತ್ತು. ದೂರದಿಂದಲೇ ಕಂಡಿತು, ಅಕ್ಕನ ಮನೆ ಬಾಗಿಲು ಹಾಕಿತ್ತು.

ಅಕ್ಕ ಹೋಗೇ ಬಿಟ್ಟಳು ಎಂದುಕೊಂಡೆ. ಜಯಮ್ಮ ಜಗಲಿಯ ಮೇಲೆ ಮುದುರಿಕೊಂಡು ಕೂತಿದ್ದಳು. "ಮಧ್ಯಾನ್ವೇ ಎದ್ದು ತಲೆ ಬಾಚ್ಕಂಡು ಮುದ್ದೆ ಮಾಡುದ್ಲು ಮಾವ. ಆಮೇಕೆ ಬಾಗ್ಲತ್ರ ನಿಂತ್ಕಂಡು ಯಾರಿಗೋ ಬನ್ನಿ ಅಂದ್ಲು. ಅಲ್ಲಿ ಯಾರೂ ಇರ್ನಿಲ್ಲ. ನನ್ನ ಆಚೆ ಕಳ್ಸಿ ಬಾಗ್ಲು ಆಕ್ಕಂಡ್ಲು" ಎಂದಳು.

ಬಾಗಿಲು ತಟ್ಟಿದೆ. ಅಕ್ಕ ಅರ್ಧ ತೆರೆದು ನನ್ನನ್ನು ಒಳಗೆ ಬಿಟ್ಟುಕೊಂಡು ತಕ್ಷಣ ಮುಚ್ಚಿದಳು. ಒಲೆ ಮುಂದೆ ಎರಡು ತಟ್ಟೆ ಇದ್ದವು. ಒಂದರಲ್ಲಿ ಉಂಡ ಗುರುತಿತ್ತು. ಇನ್ನೊಂದರಲ್ಲಿ ಮುದ್ದೆ ಹಾಗೇ ಇತ್ತು. ಅವಳ ಮುಖ ನೋಡಿದೆ, ಎಷ್ಟೋ ತಿಂಗಳ ಮೇಲೆ ಹೊಟ್ಟೆ ತುಂಬಾ ಉಂಡವರ ಮುಖ. ನಾನು ಇನ್ನೂ ಬಾಯಿ ಬಿಟ್ಟಿರಲಿಲ್ಲ.

"ಬಾಗ್ಲ ಎಳ್ಕಳಕೆ ಓದ್ಯಂತಲ್ಲೋ ನೀನು" ಎಂದಳು. "ಪಕ್ಕದಾಗಿದ್ದೋರು ಬೈದು ಬುಡುಸುದ್ರಂತೆ. ಬುಟ್ಟಿದ್ದು ಒಳ್ಳೇದಾಯ್ತು ಬುಡು. ಎಳ್ಕಂಡುಬುಟ್ಟಿದ್ರೆ ಅವ್ರು ಅಲ್ಲೇ ಉಳ್ಕತಿದ್ರು."

ಗೋಡೆಗೆ ಒರಗಿ ಕೂತೆ. ಆ ಕಾಲೋನಿಗೆ ಆಗ ಫೋನು ಎಲ್ಲಿಂದ ಬರಬೇಕು? ಬೋಪಯ್ಯನವರಿಗೆ ಅವಳ ಹೆಸರೂ ಗೊತ್ತಿರಲಿಲ್ಲ. ವಿಮಾನ ಹಾರಿದ್ದನ್ನು ಅವಳು ನೋಡಿರಬಹುದು, ಅದನ್ನು ಒಪ್ಪುತ್ತೇನೆ. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು ಎಂದೂ ಹೇಳಬಹುದು. ಆದರೆ ನಾನು ಬಾಗಿಲು ಎಳೆದದ್ದು, ಬೈಸಿಕೊಂಡದ್ದು, ಬಿಟ್ಟದ್ದು ನೆಲದ ಮೇಲೆ ನಿಂತವರಿಗೆ ತಿಳಿಯುವ ವಿಷಯವೇ? ಫಿಲಂ ತೊಳೆದು ನೋಡಿದೆ. ನೀರು, ಸತ್ತ ಮರದ ತುದಿ. ಬೇರೇನೂ ಇರಲಿಲ್ಲ. ಏನಾದರೂ ಕಂಡಿದ್ದರೆ ನನಗೆ ಸಮಾಧಾನವಾಗುತ್ತಿತ್ತೇನೋ. ಆ ಫೋಟೋವನ್ನು ಅಕ್ಕನಿಗೆ ತೋರಿಸಲಿಲ್ಲ. ವರ್ಷದ ಮೇಲೆ ಹುಣಸೂರಿನಲ್ಲಿ ಕಾಫಿ ಕುಡಿಯುತ್ತಾ ಬೋಪಯ್ಯನವರು, "ಬಾಗಿಲು ಬಿಚ್ಚಿಕೊಂಡದ್ದು ಬೇಕಾದಷ್ಟು ನೋಡಿದ್ದೇನೆ. ಗಾಳಿಗೆದುರು ನಿಂತದ್ದು ನೋಡಿರಲಿಲ್ಲ. ಬೇಡ, ಆ ಮಾತು ಬಿಡಿ" ಎಂದರು.

ಅಕ್ಕ ಉಳಿದಳು. ಮೈ ತುಂಬಿಕೊಂಡಳು, ಜಯಮ್ಮನನ್ನು ಕೆ.ಆರ್. ನಗರಕ್ಕೆ ಮದುವೆ ಮಾಡಿ ಕಳಿಸಿದಳು. ಆದರೆ ಅವತ್ತಿನಿಂದ ಅವಳ ಮನೆ ಬಾಗಿಲು ಅರ್ಧಕ್ಕಿಂತ ಹೆಚ್ಚು ತೆರೆದದ್ದನ್ನು ಯಾರೂ ಕಾಣಲಿಲ್ಲ. ಒಲೆ ಮುಂದೆ ದಿನವೂ ಎರಡು ತಟ್ಟೆ. ಬಾಗಿಲು ತೆಗೆಯುವುದು ಸತ್ತವರು ಹೊರಟುಹೋಗಲಿ ಎಂದು. ಅವಳು ಕರೆದು ಕೂರಿಸಿಕೊಂಡಿದ್ದಳು. ನನ್ನಿಂದ ಅವಳಿಗೆ ಒಳ್ಳೆಯದಾಯಿತೋ ಕೆಟ್ಟದ್ದಾಯಿತೋ ಎಂದು ಎಷ್ಟು ಯೋಚಿಸಿದರೂ ನನಗೆ ತಿಳಿಯಲಿಲ್ಲ.

ಬಹಳ ವರ್ಷಗಳ ಮೇಲೆ ಅಕ್ಕ ಅದೇ ಮನೆಯಲ್ಲಿ ತೀರಿಕೊಂಡಳು. ಮಣ್ಣು ಮಾಡಿ ಬಂದ ಮೇಲೆ ಜೋಯಿಸರು ಬೆರಳು ಎಣಿಸಿ, ನಕ್ಷತ್ರ ಸರಿಯಿಲ್ಲ, ಮನೆ ಬಿಡಬೇಕು ಎಂದರು. ಯಾರೋ ಮುಳ್ಳು ಕಡಿದು ತರಲು ಹೊರಟರು. ಇದನ್ನೆಲ್ಲ ನಾನು ಈಗಲೂ ನಂಬುವುದಿಲ್ಲ. ಆದರೆ ಅವತ್ತು ಎದ್ದು ಹೋಗಿ ಬಡಗಿಯನ್ನು ಕರೆತಂದು, ಬೇಡ ಎಂದವರ ಎದುರೇ, ಇನ್ನು ಯಾರನ್ನೂ ಒಳಗಿಟ್ಟು ಮುಚ್ಚದಿರಲೆಂದು ಆ ಬಾಗಿಲನ್ನು ಕೀಲು ಬಿಚ್ಚಿಸಿ ಗಾಡಿಗೆ ಹಾಕಿಸಿದೆ. ಅದು ನನ್ನ ಹಿತ್ತಲ ಗೋಡೆಗೆ ಒರಗಿಕೊಂಡಿದೆ. ಒಳ್ಳೆಯ ಹೊನ್ನೆ ಮರ, ಕೊಡಿ ಎಂದು ಎಷ್ಟೋ ಜನ ಕೇಳಿದ್ದಾರೆ. ಯಾರಿಗೂ ಕೊಟ್ಟಿಲ್ಲ.