ಹಿಂದಿನ ಸಾಲಿನ ಮಣ್ಣಿನ ಕುದುರೆ

ಇಲ್ಲಿ ಬರೆಯುವುದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಆಗ ನನಗೆ ಏಳು ವರ್ಷವೋ ಎಂಟೋ, ಬೇಸಿಗೆ ರಜವೋ ದಸರಾ ರಜವೋ, ಖಚಿತವಿಲ್ಲ. ಬೇವಿನ ಮರ ಎಂದು ಬರೆಯಹೋದರೆ ಅದು ಹೊಂಗೆಯೂ ಆಗಿದ್ದಿರಬಹುದು ಎನ್ನಿಸುತ್ತದೆ. ಕುದುರೆ ಮಾತ್ರ ಸುಳ್ಳಲ್ಲ. ಹೋದ ತಿಂಗಳವರೆಗೂ ಅದು ನನ್ನ ಷೋಕೇಸಿನಲ್ಲಿತ್ತು.

ಪಾಂಡವಪುರದ ನಮ್ಮ ಮನೆಯ ನಡುಮನೆಯಲ್ಲಿ ಗಾಜಿನ ಬಾಗಿಲಿನ, ನಾಲ್ಕು ಹಲಗೆಯ ಒಂದು ಷೋಕೇಸಿದೆ. ಅದರ ತುಂಬ ಪಿಂಗಾಣಿ ಪ್ರಾಣಿಗಳು. ಮರಿಗಳ ಜೊತೆ ಬಾತುಕೋಳಿ, ಮಲಗಿದ ಜಿಂಕೆ, ಒಂದು ಕಿವಿ ಮುರಿದ ಮೊಲ. ಆದರೆ ಹೆಚ್ಚು ಇರುವುದು ಕುದುರೆಗಳೇ. ಶ್ರೀರಂಗಪಟ್ಟಣದ ಕೋಟೆ ರಸ್ತೆಯ ಬದಿಯಲ್ಲಿ ಕೊಂಡ ಕರಿ ಕುದುರೆ ಮುಂಗಾಲೆತ್ತಿ ನಿಂತಿದೆ. ಬಾಲ ನೆಲಕ್ಕೆ ತಾಗಿರುವುದರಿಂದಲೇ ಅದು ಬೀಳದೆ ನಿಂತಿದೆ ಎಂದು ನನಗೆ ತಿಳಿಯಲು ಎರಡು ವರ್ಷ ಬೇಕಾಯಿತು. ಪಿಂಗಾಣಿ ಕುದುರೆಯ ಕಾಲುಗಳ ನಡುವೆ ಒಂದು ಹುಲ್ಲಿನ ಪೊದೆ ಇರುತ್ತದೆ. ಅಂದಕ್ಕಲ್ಲ, ಸಣ್ಣ ಕಾಲು ಮುರಿಯದಿರಲಿ ಎಂದು. ಭಾನುವಾರಗಳಲ್ಲಿ ಬಣ್ಣ ಹಚ್ಚುವ ಕುಂಚದಿಂದ ಒಂದೊಂದರ ಧೂಳು ತೆಗೆಯುತ್ತೇನೆ.

ಇವನ್ನೆಲ್ಲ ಯಾಕೆ ಕೂಡಿಸುತ್ತೀರಿ ಎಂದು ನಾನು ಪಾಠ ಮಾಡುವ ಕಾಲೇಜಿನಲ್ಲಿ ಜೊತೆಯವರು ಕೇಳಿದರೆ ನನ್ನ ಹತ್ತಿರ ಒಂದು ಉತ್ತರ ಸಿದ್ಧವಿತ್ತು. ಮೊದಲನೆಯದನ್ನು ಅಪ್ಪ ಕೊಡಿಸಿದ್ದು, ಕೆ.ಆರ್. ಪೇಟೆ ಬಸ್‌ಸ್ಟ್ಯಾಂಡಿನಲ್ಲಿ, ಪೇಪರಿನಲ್ಲಿ ಸುತ್ತಿ. ಎಷ್ಟು ಸಲ ಹೇಳಿದ್ದೇನೆಂದರೆ ಆ ಪೇಪರಿಗೆ ಕಟ್ಟಿದ ದಾರವೂ ನನಗೆ ಕಾಣುತ್ತದೆ. ಆ ಕುದುರೆ ಪಿಂಗಾಣಿಯದಲ್ಲ, ಸುಟ್ಟ ಮಣ್ಣಿನದು. ಗೇಣುದ್ದವೂ ಇಲ್ಲ. ಅದನ್ನು ಕೊನೆಯ ಹಲಗೆಯಲ್ಲಿ, ಹಿಂದಿನ ಸಾಲಿನಲ್ಲಿ ಇಟ್ಟಿದ್ದೆ.

ಕೆಲವು ತಿಂಗಳ ಹಿಂದೆ ಸಿಂಧಘಟ್ಟದಿಂದ ಸೋದರತ್ತೆ, ಅಂದರೆ ಅಪ್ಪನ ತಂಗಿ, ಮಗನ ಜೊತೆ ನಮ್ಮ ಮನೆಗೆ ಬಂದಳು. ಕಣ್ಣಿನ ಪೊರೆ ತೆಗೆಸಿದ್ದಳು. ಆಮೇಲಿನಿಂದ ಅವಳಿಗೆ ಎಲ್ಲವನ್ನೂ ಹತ್ತಿರ ಹೋಗಿ ನೋಡುವ ಹುರುಪು. ಬಂದವಳೇ ಷೋಕೇಸಿನ ಮುಂದೆ ಕೂತಳು. ಅವಳ ಮಗ, ನನಗಿಂತ ಒಂದು ವರ್ಷ ದೊಡ್ಡವನಾದ ಭಾವ, ಹಿಂದಿನಿಂದ ಇಣುಕಿದ.

"ಏನಮ್ಮಿ, ಇಷ್ಟೊಂದ್ ಕುದ್ರೆ ಕಟ್ಟಾಕಿದ್ದೀಯ, ಇವುಕ್ಕೆಲ್ಲ ಉಳ್ಳಿಕಾಳು ಯಾರ್ ಬೇಯ್ಸಾಕ್ತಾರೆ?"

"ನೀನ್ ಸುಮ್ನಿರ್ಲಾ" ಎಂದಳು ಅತ್ತೆ. "ನಿನ್ ಮನೇಲಿ ನೆಟ್ಟಗಿರೋ ಲೋಟ ಒಂದಿಲ್ಲ." ಆಮೇಲೆ ಗಾಜಿಗೆ ಬೆರಳಿಟ್ಟಳು. "ಇದೊಂದ್ನ ಯಾಕಮ್ಮಿ ಇಂದುಕ್ಕೆ ಮಡ್ಗಿದ್ದೀಯ?"

"ಅದು ಮಣ್ಣಿಂದು ಅತ್ತೆ. ಅಪ್ಪ ಕೊಡ್ಸಿದ್ದು."

"ನಿಮ್ಮಪ್ಪನಾ" ಎಂದಳು. ಅಂದಳು ಎಂದೇ ನೆನಪು. ಆಮೇಲೆ ನಡೆದದ್ದಕ್ಕೆ ಹೊಂದಲಿ ಎಂದು ನಾನೇ ಈ ಮಾತನ್ನು ಸೇರಿಸಿಕೊಂಡಿರಲೂಬಹುದು.

ಊಟದ ಹೊತ್ತಿಗೆ ಮರೆತು ಅವಳಿಗೆ ಮೊಸರು ಬಡಿಸಲು ಹೋದೆ. ತಟ್ಟೆಯ ಮೇಲೆ ಕೈ ಅಡ್ಡ ಇಟ್ಟಳು. ನಮ್ಮ ಮನೆಗಳಲ್ಲಿ ಎಲ್ಲರಿಗೂ ಗೊತ್ತು, ಅತ್ತೆ ಮೊಸರು ಮುಟ್ಟುವುದಿಲ್ಲ. ಮೂರು ಹಸು ಕಟ್ಟಿ, ಎರಡು ಹೊತ್ತೂ ಡೈರಿಗೆ ಹಾಲು ಹಾಕುವವಳು. ವಾಸನೆ ಆಗದೇನೋ ಅಂದುಕೊಂಡಿದ್ದೆ. ಯಾಕೆ ಎಂದು ಯಾವತ್ತೂ ಕೇಳಿರಲಿಲ್ಲ.

"ನನ್ ದೆಸೆಯಿಂದ ಕಣಮ್ಮಿ ಅವ್ವ ಮೊಸ್ರು ಬುಟ್ಟಿದ್ದು" ಎಂದ ಭಾವ. "ಚಿಕ್ಕವ್ನಿದ್ದಾಗ ಜ್ವರ ಬಂದು ಓಗೇಬುಡ್ತಿದ್ನಂತೆ. ಜ್ವರ ಬುಡ್ಲಿ ಅಂತ ಮುನಿಯಪ್ಪಂಗೆ ಕುದ್ರೆ ಒಪ್ಸಿದ್ರಂತೆ. ಎಂಟ್ ದಿನುಕ್ಕೆ ಓಗ್ ನೋಡಿದ್ರೆ ಕುದ್ರೆನೇ ಇಲ್ಲ. ಮುನಿಯಪ್ಪ ಅದ್ರ್ ಮ್ಯಾಲ್ ಅತ್ಕಂಡು ಸಂತೆಗ್ ಒಂಟೋಗಿದ್ದ ಅನ್ಸುತ್ತೆ!"

"ನಗ್ಬ್ಯಾಡ ಕಣ್ಲಾ. ಒಪ್ಕಂಡಿದ್ರೆ ಅಲ್ಲೇ ಇರ್ತಿತ್ತು. ಕುದ್ರೆ ಬ್ಯಾಡ ಅಂದ. ಅದ್ಕೆ ಮೊಸ್ರು ಬುಟ್ಟೆ. ನೀನ್ ಉಳ್ಕಂಡೆ."

ಅತ್ತೆಯ ಊರಿನ ಹೊರಗೆ ಮರದ ಬುಡದಲ್ಲಿ ಮುನಿಯಪ್ಪನ ಕಲ್ಲಿದೆ. ಹರಕೆ ಹೊತ್ತವರು ಅಲ್ಲಿ ಮಣ್ಣಿನ ಕುದುರೆ ಇಡುತ್ತಾರೆ. ಅದನ್ನು ಯಾರೂ ಮುಟ್ಟುವುದಿಲ್ಲ. ಮಳೆಗೆ ಬಿಸಿಲಿಗೆ ತಾನಾಗಿ ಸವೆದು ಒಡೆದು ಹೋಗುವವರೆಗೂ ಅಲ್ಲೇ ಇರಬೇಕು. ಆ ಊರಿನ ಮಕ್ಕಳಿಗೆ ಇದು ಗೊತ್ತು. ನಾನು ನಾಗಮಂಗಲದಿಂದ ರಜಕ್ಕೆ ಬಂದವಳು.

ಮೊಸರಿನ ಪಾತ್ರೆ ಹಿಡಿದು ನಿಂತಿದ್ದ ಹಾಗೆಯೇ ನನಗೆ ಬೇರೊಂದು ಚಿತ್ರ ಬಂತು. ಮರದ ನೆರಳು, ಕಾಲಿಗೆ ತಣ್ಣನೆಯ ಮಣ್ಣು, ತಲೆ ಹೋದ ಕುದುರೆಗಳ ಸಾಲು, ತುದಿಯಲ್ಲಿ ಒಂದು ಹೊಸದು, ಎಲ್ಲಕ್ಕಿಂತ ಚಿಕ್ಕದು. ಲಂಗದ ನೆರಿಗೆಯಲ್ಲಿ ಅದರ ಭಾರ. ಇದು ಅಷ್ಟು ವರ್ಷ ಎಲ್ಲಿತ್ತು? ಅಥವಾ ಭಾವನ ಮಾತು ಕೇಳಿದ ಮೇಲೆ ಹುಟ್ಟಿತೇ? ಒಂದೇ ಸಾಕ್ಷಿಯನ್ನು ನಂಬಬೇಡಿ ಎಂದು ಇತಿಹಾಸದ ತರಗತಿಯಲ್ಲಿ ಹುಡುಗರಿಗೆ ಹೇಳುವವಳು ನಾನು. ಇಲ್ಲಿ ಎರಡು ಸಾಕ್ಷಿಗಳಿದ್ದವು, ಎರಡೂ ನಾನೇ.

ಅಪ್ಪ ಈಗಿಲ್ಲ. ನಾಗಮಂಗಲಕ್ಕೆ ಫೋನು ಮಾಡಿ ಅವ್ವನನ್ನು ಕೇಳಿದೆ. "ಯಾವ್ ಕುದ್ರೆನೋ ನಾ ಕಾಣೆ ಕಣವ್ವ. ನಿಮ್ಮಪ್ಪ ಆಟದ್ ಸಾಮಾನು ತಂದ್ಕೊಡೋ ಪೈಕಿನಾ?" ಎಂದಳು. ಆ ಮಾತಿಗೆ ನಕ್ಕೆ. ಫೋನು ಇಟ್ಟ ಮೇಲೆ ನಗು ಬರಲಿಲ್ಲ.

ಕುದುರೆಯನ್ನು ಹಳೆಯ ಸ್ವೆಟರಿನಲ್ಲಿ ಸುತ್ತಿಕೊಂಡು ಒಂದು ಭಾನುವಾರ ಸಿಂಧಘಟ್ಟಕ್ಕೆ ಹೋದೆ. ಅತ್ತೆ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದಳು. ಅವಳ ಮುಂದಿಟ್ಟು ಎರಡನ್ನೂ ಹೇಳಿದೆ, ಬಸ್‌ಸ್ಟ್ಯಾಂಡು, ಮರ.

ಅವಳು ಕುದುರೆಯನ್ನು ಮಗುಚಿ ಹೊಟ್ಟೆಯ ಕೆಳಗೆ, ಮಣ್ಣು ಹಸಿಯಿದ್ದಾಗ ಮೂಡಿದ್ದ ಹೆಬ್ಬೆರಳಿನ ಗುರುತನ್ನು ಉಗುರಿನಿಂದ ಸವರಿದಳು.

"ನಿಮ್ಮಪ್ಪ ಕೊಡ್ಸಿದ್ದು ಅಂದಿದ್ದೆ. ಅಂಗೇ ಅನ್ಕೊ."

"ಅಲ್ಲ ಅನ್ಸುತ್ತೆ ಅತ್ತೆ."

"ಅನ್ಸುತ್ತೆ ಅಂದ್ರೆ ಏನಮ್ಮಿ? ಇಷ್ಟ್ ಓದಿದ್ದೀಯ, ಕದ್ದಿದ್ನೋ ಇಲ್ವೋ ಅಂತ ನಿಂಗೇ ಗೊತ್ತಾಗಕ್ಕಿಲ್ವಾ?"

ಬೈಗುಳವಲ್ಲ ಅದು. ನಗುತ್ತಲೇ ಒಂದು ಹಿಡಿ ನೆನೆಸಿದ ಕಾಳನ್ನು ನನ್ನ ಮಡಿಲಿಗೆ ಹಾಕಿದಳು, ಹಿಸುಕು ಎಂದು. ಇಬ್ಬರೂ ಕಾಳು ಹಿಸುಕುತ್ತ ಕೂತೆವು. ಬಸ್ಸಿನಲ್ಲಿ ಬರುವಾಗ ನನ್ನ ಭಾರ ಇಳಿಸುವುದನ್ನಷ್ಟೇ ಯೋಚಿಸಿದ್ದೆ. ಅವಳ ಮುಖ ನೋಡುವಾಗ ಇನ್ನೊಂದು ಹೊಳೆಯಿತು. ಇದು ಆ ಕುದುರೆಯೇ ಆದರೆ ಮುನಿಯಪ್ಪ ಬೇಡ ಅಂದಿರಲಿಲ್ಲ, ಅವಳು ಮೂವತ್ತಕ್ಕೂ ಹೆಚ್ಚು ವರ್ಷ ಮೊಸರು ಬಿಟ್ಟದ್ದು ನಾನು ಲಂಗದ ನೆರಿಗೆಯಲ್ಲಿ ಬಚ್ಚಿಟ್ಟು ಒಯ್ದ ಕುದುರೆಗಾಗಿ. ಅಲ್ಲವಾದರೆ ಮಗನನ್ನು ಉಳಿಸಿದ್ದು ಅವಳು ಬಿಟ್ಟ ಮೊಸರು. ನಾನು ತಂದದ್ದು ಅವಳಿಗೆ ಏನನ್ನಾದರೂ ಕೊಡುತ್ತಿತ್ತೋ, ಇದ್ದದ್ದನ್ನು ಕಿತ್ತುಕೊಳ್ಳುತ್ತಿತ್ತೋ?

ಕುದುರೆಯನ್ನು ಅವಳು ವಾಪಸು ಕೊಡಲಿಲ್ಲ. ಮರದ ಬುಡಕ್ಕೂ ಒಯ್ದಿಲ್ಲ, ದೇವರ ಗೂಡಿನಲ್ಲೂ ಇಟ್ಟಿಲ್ಲ. ಬಾಗಿಲ ಪಕ್ಕ ಟಾರ್ಚು, ಡೈರಿ ಕಾರ್ಡು ಇಡುವ ಗೂಡಿನಲ್ಲಿದೆಯಂತೆ. ಮುಟ್ಟಹೋದರೆ ಕೈ ಮೇಲೆ ಹೊಡೆಯುತ್ತಾಳೆ ಎಂದು ಭಾವ ಫೋನಿನಲ್ಲಿ ದೂರಿದ. ನನ್ನ ಷೋಕೇಸಿನ ಹಿಂದಿನ ಸಾಲಿನಲ್ಲಿ ಆ ಜಾಗಕ್ಕೆ ಬೇರೆ ಯಾವುದನ್ನೂ ಇಟ್ಟಿಲ್ಲ.

ಆ ಭಾನುವಾರ ಸಂಜೆ ಹಾಲಿನ ಕ್ಯಾನು ಎತ್ತಿಕೊಂಡು ಅವಳು ಮೆಟ್ಟಿಲಿಳಿಯುವಾಗ ಒಂದು ಮಾತು ಕೇಳಿದ್ದೆ. ಕೇಳಿಸಿತೋ ಇಲ್ಲವೋ, ಡೈರಿಗೆ ಹೊತ್ತಾಯಿತು ಎಂದು ಹೊರಟುಹೋದಳು. ಆಮೇಲೆ ಎರಡು ಸಲ ಫೋನಿನಲ್ಲಿ ಮಾತಾಡಿದ್ದೇವೆ, ಹಸು ಕರು ಹಾಕಿದ್ದು ಹೇಳಿದಳು, ಅದಕ್ಕೆ ಮಾತ್ರ ಉತ್ತರ ಬಂದಿಲ್ಲ.

"ಅತ್ತೆ, ಇದು ಆ ಕುದ್ರೆನೇ ಆಗಿದ್ರೆ, ನೀನಿನ್ನು ಮೊಸ್ರು ತಿಂತೀಯಾ?"