ಮಾನಿಟರಿನ ಆಚೆಯ ಕಣ್ಣು

ನನ್ನ ಸೋದರಮಾವ ಒಂದು ಮುದ್ರಣಾಲಯದಲ್ಲಿ ಪುಸ್ತಕಗಳ ಪುಟ ಜೋಡಿಸುತ್ತಾರೆ. ಅವರ ಕಂಪ್ಯೂಟರಿನ ಮಾನಿಟರು ತುಂಬ ಹಳೆಯದಾಗಿತ್ತು, ಚಿಕ್ಕದಾಗಿತ್ತು. ಅದೇ ಮೇಜಿನ ಆಚೆ ಬದಿಯಲ್ಲಿ, ಮಾವನಿಗೆ ಎದುರಾಗಿ, ಕರಡು ತಿದ್ದುವವರು ಕೂರುತ್ತಾರೆ. ಒಂದು ಅಲ್ಪವಿರಾಮ ತಪ್ಪಿದರೂ ಬಿಡುವುದಿಲ್ಲವೆಂದು ಎಲ್ಲರೂ ಅವರನ್ನು ಅಲ್ಪವಿರಾಮ ಮೇಡಂ ಅನ್ನುತ್ತಾರೆ. ತಪ್ಪಿಲ್ಲದ ಹಾಳೆ ನೇರವಾಗಿ ಅಚ್ಚಿಗೆ ಹೋಗುತ್ತದೆ. ತಪ್ಪಿರುವುದನ್ನು ಮೇಡಂ ಗುರುತು ಮಾಡಿ, ಮಾನಿಟರಿನ ತಲೆಯ ಮೇಲಿಂದ ಈಚೆಗೆ ಚಾಚುತ್ತಿದ್ದರು. ಆಗ ಹಾಳೆಯ ಹಿಂದೆ ಅವರ ಕಣ್ಣು ಕಾಣುತ್ತಿತ್ತು. ತಪ್ಪು ಹೆಚ್ಚಿದ್ದರೆ ಆ ಕಣ್ಣು ನಗುತ್ತಿರುತ್ತಿತ್ತು.

ಮಾವನಿಗೆ ಮದುವೆಯಾಗಿಲ್ಲ. ಅಜ್ಜಿ ಆ ಮಾತೆತ್ತಿದರೆ ಸಾಕು, ಚಪ್ಪಲಿ ಹುಡುಕತೊಡಗುತ್ತಾರೆ. ಮೇಡಂ ಹತ್ತಿರವೂ ಅಷ್ಟೆ, ಕೆಲಸದ ಮಾತು ಬಿಟ್ಟರೆ ಬೇರೆ ಮಾತು ಗಂಟಲಿನಿಂದ ಈಚೆ ಬಂದಿಲ್ಲ. ಆದರೆ ಮನೆಯಲ್ಲಿ ಊಟಕ್ಕೆ ಕೂತಾಗ, ಇವತ್ತು ಮೇಡಂ ಕಣ್ಣು ಕೆಂಪಗಿತ್ತು, ನಿದ್ದೆ ಆಗಿರಲಿಲ್ಲವೇನೋ, ಅನ್ನುತ್ತಿದ್ದರು. ಯಾರೂ ಏನೂ ಕೇಳದಿದ್ದರೂ ಗಟಗಟ ನೀರು ಕುಡಿಯುತ್ತಿದ್ದರು.

ಇತ್ತೀಚೆಗೆ ಆ ಮಾನಿಟರು ಅಂಚಿನಲ್ಲಿ ಮಸುಕಾಗಿ ಮಿಣುಕತೊಡಗಿತು. ಸಂಜೆಯಾದರೆ ಮಾವನ ಕಣ್ಣಲ್ಲಿ ನೀರು. ಹೊಸದನ್ನು ನೀವೇ ನೋಡಿ ಆರಿಸಿ ಎಂದರು ಯಜಮಾನರು. ಮಾವ ಒಂದು ದಾರದಲ್ಲಿ ಹಳೆಯದರ ಎತ್ತರವನ್ನು ಮೇಜಿನಿಂದ ಅಳೆದು, ಗಂಟು ಹಾಕಿ, ಜೇಬಿಗಿಟ್ಟುಕೊಂಡರು.

ಅಂಗಡಿಗೆ ನಾನೂ ಹೋಗಿದ್ದೆ. ದೊಡ್ಡದೊಂದರಲ್ಲಿ ಎರಡು ಪುಟ ಅಕ್ಕಪಕ್ಕ, ಅಚ್ಚಾಗುವ ಅಳತೆಯಲ್ಲೇ ಕಾಣುತ್ತಿತ್ತು. ಬೆಳಕು ಕಣ್ಣಿಗೆ ಹೊಡೆಯುತ್ತಿರಲಿಲ್ಲ. ಚಿಕ್ಕದರಲ್ಲಿ ಸಾಲು ಪೂರ್ತಿ ಬೇಕೆಂದರೆ ಅಕ್ಷರ ಇರುವೆಯಷ್ಟಾಗುತ್ತಿತ್ತು, ಅಕ್ಷರ ಹಿಗ್ಗಿಸಿದರೆ ಸಾಲಿನ ಬಾಲ ಮಾಯ. ಮೂರನೆಯದು ಅಗಲವಾಗಿ ಕುಳ್ಳಗಿತ್ತು. ಅದಾಗಬಹುದೆಂದು ನಾನು ಅಂದುಕೊಂಡೆ. ಆದರೆ ಅದರ ಪರದೆ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ದಿನವಿಡೀ ನನ್ನ ಮುಖವನ್ನೇ ನೋಡಿಕೊಂಡು ಕೆಲಸ ಮಾಡೋದು ಹೇಗೆ ಎಂದು ಮಾವ ಅದನ್ನೂ ಬಿಟ್ಟರು. ಮತ್ತೆ ದೊಡ್ಡದರ ಮುಂದೆ ಬಂದು ನಿಂತರು. ಅಂಗಡಿಯವನು ಅದನ್ನು ಅದರ ಸ್ಟ್ಯಾಂಡಿನ ಮೇಲೆ ಎಷ್ಟು ಇಳಿಯುತ್ತದೋ ಅಷ್ಟೂ ಇಳಿಸಿದ. ಮಾವ ದಾರ ಹಿಡಿದರು. ಪರದೆ ಗಂಟಿಗಿಂತ ಎತ್ತರವೇ ಉಳಿಯಿತು.

"ಎಲ್ರೂ ಪರ್ಸು ಹಿಡ್ಕೊಂಡು ಬರ್ತಾರೆ ಸಾರ್, ನೀವು ದಾರ ಹಿಡ್ಕೊಂಡು ಬಂದಿದ್ದೀರಲ್ಲ," ಅಂದ ಅಂಗಡಿಯವನು.

ಮಾವ ನಗಲಿಲ್ಲ. ದೊಡ್ಡದರ ಅಕ್ಷರಗಳನ್ನು ಇನ್ನೊಮ್ಮೆ ಆಸೆಯಿಂದ ನೋಡಿ, ಚಿಕ್ಕದೇ ಇರಲಿ ಎಂದರು. ದೊಡ್ಡದು ಮೇಜನ್ನೆಲ್ಲ ನುಂಗುತ್ತದೆ ಎಂದು ದಾರಿಯುದ್ದಕ್ಕೂ ನನಗೆ ಸಮಜಾಯಿಷಿ ಕೊಟ್ಟರು. ನಾನು ಹೂಂ ಅಂದೆ.

ಮಾನಿಟರು ಬಂದ ದಿನ ನೋಡಿದರೆ ಮೇಜಿನ ಮೇಲೆ ದೊಡ್ಡದೇ ಕೂತಿತ್ತಂತೆ. ಮಾವ ದಂಗಾಗಿ ನಿಂತಿದ್ದಾಗ ಆಚೆಯಿಂದ ಮೇಡಂ ದನಿ ಬಂತು.

"ಚಿಕ್ಕದು ತಂದು ಇರೋ ಕಣ್ಣನ್ನೂ ಕಳ್ಕೋತೀರಾ? ನಾನೇ ಯಜಮಾನರಿಗೆ ಹೇಳಿ ಬದಲಾಯಿಸಿದೆ."

ಇಷ್ಟು ದಿನ ತನ್ನ ಕಣ್ಣನ್ನೂ ಯಾರೋ ನೋಡುತ್ತಿದ್ದರು ಎಂದು ಮಾವನಿಗೆ ಆಗಲೇ ಗೊತ್ತಾದದ್ದು. ಥ್ಯಾಂಕ್ಸ್ ಎಂದು ಪರದೆಗೇ ಹೇಳಿದರು. ಹೇಳಲು ಬೇರೆ ಮುಖ ಕಾಣುತ್ತಿರಲಿಲ್ಲ.

ಈಗ ಹಾಳೆ ಚಾಚಲು ಮೇಡಂ ಕೈ ಎಟುಕುವುದಿಲ್ಲ. ತಪ್ಪು ಸಿಕ್ಕಿದರೆ ಮೇಜು ಸುತ್ತಿ ಬಂದು, ಮಾವನ ಪಕ್ಕದಲ್ಲಿ ನಿಂತು, ಪರದೆಯ ಮೇಲೆ ಬೆರಳಿಟ್ಟು ತೋರಿಸುತ್ತಾರೆ. ಹಾಗಾದರೆ ಒಳ್ಳೆಯದೇ ಆಯಿತಲ್ಲ, ಇಷ್ಟು ಹತ್ತಿರ ಯಾವತ್ತು ಬಂದಿದ್ದರು ಎಂದೆ ನಾನು.

ಮಾವ ಅಡ್ಡಡ್ಡ ತಲೆಯಾಡಿಸಿದರು. "ಪಕ್ಕದಲ್ಲಿ ನಿಂತವರು ಪರದೆ ನೋಡ್ತಾರೆ ಕಣೆ. ನಾನೂ ಪರದೇನೇ ನೋಡ್ಬೇಕು."

ಇನ್ನೊಂದು ತೊಂದರೆಯನ್ನು ಮಾವ ಅಂಗಡಿಯಲ್ಲಿ ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ದೊಡ್ಡ ಪರದೆಯಲ್ಲಿ ಎಲ್ಲವೂ ಸ್ಪಷ್ಟವಾಗಿ ಕಾಣುವುದರಿಂದ ಅವರ ತಪ್ಪುಗಳು ಕಡಿಮೆಯಾಗಿವೆ. ತಪ್ಪು ಕಡಿಮೆಯಾದಂತೆ ಮೇಡಂ ಸುತ್ತಿ ಬರುವುದೂ ಕಡಿಮೆಯಾಗಿದೆ. ಕೆಲವು ದಿನ ಆಚೆಯಿಂದ ಪೆನ್ನಿನ ಸದ್ದು ಮಾತ್ರ ಕೇಳಿಸುತ್ತದಂತೆ.

ನಿನ್ನೆ ಒಂದು ಪುಟದಲ್ಲಿ ಅಲ್ಪವಿರಾಮ ಬಿಟ್ಟುಹೋಗಿತ್ತು. ಮಾವನಿಗೆ ಅದು ಚೆನ್ನಾಗಿಯೇ ಕಂಡಿತು. ಹಾಕಲು ಹೋದ ಬೆರಳನ್ನು ಹಿಂದಕ್ಕೆ ತೆಗೆದುಕೊಂಡು, ಪುಟವನ್ನು ಹಾಗೆಯೇ ಆಚೆಗೆ ಕಳಿಸಿದರು. ಆಮೇಲೆ ಮೇಡಂ ಕುರ್ಚಿ ಹಿಂದೆ ಸರಿಯುವ ಸದ್ದಿಗಾಗಿ ಕಾಯುತ್ತ ಕೂತರು.