ಮೂಲೆಗೆ ಕಳಿಸಿದ ಆಟೊ

ಕುಶಾಲನಗರದ ಆಟೊ ಸ್ಟ್ಯಾಂಡಿನಲ್ಲಿ ರಂಜಿತಾ ಎಲ್ಲಿ ಎಂದರೆ ಯಾರೂ ತಟ್ಟನೆ ಹೇಳುವುದಿಲ್ಲ. ‘ಬಾಂಬ್ ಆಟೊ’ ಎಂದು ಕೇಳಿ ನೋಡಿ, ನಗುತ್ತ ಬೆರಳು ಮಾಡಿ ತೋರಿಸುತ್ತಾರೆ. ಅವಳದ್ದು ಕರೆಂಟಿನ ಆಟೊ. ಡೀಸೆಲ್ ಇಲ್ಲ, ಗ್ಯಾಸ್ ಇಲ್ಲ, ಸದ್ದೂ ಇಲ್ಲ. ಸದ್ದಿಲ್ಲದ್ದಕ್ಕೇ ಜನಕ್ಕೆ ಅನುಮಾನ. ಬೊಗಳುವ ನಾಯಿ ಕಚ್ಚುವುದಿಲ್ಲ ಅನ್ನುವ ನಮ್ಮವರು, ಬೊಗಳದ್ದು ಕಚ್ಚಿಯೇ ಕಚ್ಚುತ್ತದೆ ಎಂದು ತೀರ್ಮಾನಿಸಿಬಿಟ್ಟಿದ್ದಾರೆ.

ನಾನು ಅವಳದೇ ಬೀದಿಯಲ್ಲಿ ಬ್ಲೌಸು ಹೊಲಿಯುವ ಹೆಂಗಸು. ಅರಕಲಗೂಡಿನ ಕಡೆಯಿಂದ ಬಂದು ಇಲ್ಲಿ ನೆಲೆ ನಿಂತ ಮನೆಗೆ ಅವಳು ಸೊಸೆಯಾಗಿ ಬಂದ ದಿನದಿಂದ ಬಲ್ಲೆ. ಮೊದಲು ಸ್ಕೂಲ್ ವ್ಯಾನಿನಲ್ಲಿ ಆಯಾ ಆಗಿದ್ದಳು. ಮಕ್ಕಳನ್ನು ಹತ್ತಿಸಿ ಇಳಿಸುತ್ತ, ಡ್ರೈವರನ ಕೈಕಾಲು ನೋಡಿ ನೋಡಿಯೇ ಗಾಡಿ ಕಲಿತಳು. ಗಂಡ ಶಶಿಕುಮಾರ್ ಬೇಡವೆಂದರೂ ಕೇಳದೆ ಹಟ ಹಿಡಿದು ಈ ಆಟೊ ತಂದಳು. ಹಟ ಮಾಡಿ ತಂದಳೇ ಹೊರತು ಒಳಗೆ ಅವಳಿಗೂ ಪುಕಪುಕ. ಬ್ಯಾಟರಿ ಇರುವುದು ಹಿಂದಿನ ಸೀಟಿನ ಅಡಿಯಲ್ಲಿ. ದಿನಾ ಬೆಳಿಗ್ಗೆ ದೇವರಿಗೆ ಕೈಮುಗಿದು ಬಂದು, ಆ ಸೀಟಿನ ಕೆಳಗೆ ಅಂಗೈ ಇಟ್ಟು, ಜ್ವರ ಬಂದ ಮಗುವಿನ ಹಣೆ ಮುಟ್ಟಿದಂತೆ ಮುಟ್ಟಿ ನೋಡುತ್ತಿದ್ದಳು. ತಣ್ಣಗಿದ್ದರೆ ಮಾತ್ರ ಹೊರಡುವುದು.

ಆ ಬೇಸಿಗೆಯಲ್ಲಿ ಎಲ್ಲರ ಫೋನಿಗೂ ಒಂದು ವಿಡಿಯೊ ಬಂತು. ಯಾವುದೋ ಊರಿನ ದೊಡ್ಡ ಕಾರ್ ಪಾರ್ಕಿಂಗು ಧಗಧಗ ಉರಿಯುತ್ತಿತ್ತು. ‘ಎಲೆಕ್ಟ್ರಿಕ್ ಗಾಡಿಯಿಂದ ಹತ್ತಿದ ಬೆಂಕಿ, ನೀರು ಹಾಕಿದರೆ ಕರೆಂಟ್ ಹೊಡೆಯುತ್ತದೆ, ಹುಷಾರ್’ ಎಂದು ಕೆಳಗೆ ಬರೆದಿತ್ತು. ಮೊದಲು ಹತ್ತಿಕೊಂಡದ್ದು ಯಾವ ಗಾಡಿ ಎಂದು ಯಾರೂ ಕೇಳಲಿಲ್ಲ. ಬ್ಯಾಟರಿಗೆ ಬೆಂಕಿ ಹತ್ತುವುದೇ ಇಲ್ಲ ಎಂದು ನಾನು ಆಣೆ ಇಡುವುದಿಲ್ಲ. ಆದರೆ ಟ್ಯಾಂಕಿನ ತುಂಬ ಪೆಟ್ರೋಲು ಹೊತ್ತ ಸ್ಕೂಟರಿನ ಮೇಲೆ ಕೂತು ಬೀಡಿ ಹಚ್ಚುವವರು ಅವಳ ಆಟೊ ಕಂಡರೆ ದೂರ ಸರಿಯುವುದು ನೋಡಿ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಇಂಥದ್ದರಲ್ಲಿ ನಮ್ಮ ಬೀದಿಯ ತೇಜಸ್ವಿನಿಯ ಮದುವೆ ಬಂತು. ರಂಜಿತಾ ಅತ್ತೆ ನಿಂಗಮ್ಮನನ್ನು ಕೂರಿಸಿಕೊಂಡು ಮಂಟಪಕ್ಕೆ ಬಂದಳು. ನಿಂಗಮ್ಮನಿಗೆ ಸೊಂಟದ ಮೂಳೆ ಮುರಿದು ಆಪರೇಷನ್ ಆಗಿತ್ತು. ಇಬ್ಬರು ಹಿಡಿದುಕೊಂಡರೆ ನಾಲ್ಕು ಹೆಜ್ಜೆ ಇಡುತ್ತಾಳೆ, ಇಲ್ಲದಿದ್ದರೆ ಕೂತಲ್ಲೇ ಕೂತಿರಬೇಕು. ಬಾಯಿ ಮಾತ್ರ ಅರಳು ಹುರಿದಂತೆ.

ಪಾರ್ಕಿಂಗು ನೋಡಿಕೊಳ್ಳುತ್ತಿದ್ದ ಜವರಯ್ಯ ಮುಂದಿನ ಸಿಮೆಂಟಿನ ಅಂಗಳದಲ್ಲಿ ಅವಳನ್ನು ನಿಲ್ಲಿಸಗೊಡಲಿಲ್ಲ.

“ಇಲ್ಲಿ ಬ್ಯಾಡ ಕಣವ್ವ. ಜನ ಓಡಾಡೋ ಜಾಗ. ನಿಂದು ಕರೆಂಟಿನ್ ಗಾಡಿ, ಹಿಂದ್ಗಡೆ ಮೂಲೆಗೆ ಹಾಕ್ಬುಡು.”

“ಅತ್ತೆಗೆ ನಡಿಯಕ್ಕಾಗಲ್ಲ ಜವರಣ್ಣ.”

“ನಾನ್ ಹಿಡ್ಕತೀನಿ. ಗಾಡಿ ಮಾತ್ರ ಹಿಂದ್ಕೆ.”

ಮಾತಿಗೆ ತಪ್ಪದೆ ನನ್ನ ಜೊತೆ ನಿಂಗಮ್ಮನನ್ನು ಹಿಡಿದು ಒಳಗೆ ಕೂರಿಸಿದ. ಒಳ್ಳೆಯವನೇ, ಹೆದರಿದ್ದ ಅಷ್ಟೆ.

ಹಿಂದಿನದು ಮಣ್ಣಿನ ಮೈದಾನ. ಸುತ್ತ ಕಾಂಪೌಂಡು, ಮುಂದಿನ ಅಂಗಳಕ್ಕೆ ಬರಲು ಇರುವುದು ಒಂದೇ ಕಬ್ಬಿಣದ ಗೇಟು. ಕಾಫಿ ಹೂವರಳಿಸುವ ಬೇಸಿಗೆಯ ಹೂಮಳೆ ಬಿದ್ದು ಅಲ್ಲಿ ಕೆಸರಾಗಿತ್ತೆಂದು, ಕಾಫಿ ಬೀಜ ಸುಲಿದು ಹದ ಮಾಡುವ ಕ್ಯೂರಿಂಗ್ ವರ್ಕ್ಸಿನಿಂದ ಲೋಡುಗಟ್ಟಲೆ ಕಾಫಿ ಹೊಟ್ಟು ತರಿಸಿ ಹರಡಿದ್ದರು. ನಮ್ಮ ಕಡೆ ಕೆಸರಿಗೆ ಅದೇ ಮದ್ದು, ಪುಕ್ಕಟೆ ಸಿಗುತ್ತದೆ. ಆಮೇಲೆ ವಾರವಿಡೀ ಬಿಸಿಲು ಕಾದು ಹೊಟ್ಟು ಗರಿಗರಿ ಒಣಗಿತ್ತು. ಎಲ್ಲಕ್ಕಿಂತ ದಪ್ಪ ಹರಡಿದ್ದು ಆ ಮೂಲೆಯಲ್ಲೇ.

ಮುಹೂರ್ತದ ಹೊತ್ತಿಗೆ ಸಂಪಾಜೆಯ ಪೂವಯ್ಯನವರ ಹಳೇ ಡೀಸೆಲ್ ಜೀಪು ಘಾಟಿ ಹತ್ತಿ ಏದುಸಿರು ಬಿಡುತ್ತ ಬಂತು. ಎಲ್ಲೂ ಜಾಗವಿಲ್ಲ. ಕರೆಂಟಿನ ಆಟೊದ ಪಕ್ಕ ಯಾರೂ ನಿಲ್ಲಿಸಿರಲಿಲ್ಲವಾಗಿ ಅಲ್ಲಿ ಮಾತ್ರ ಖಾಲಿ ಇತ್ತು. “ಎಂಥ ಮಾಡುದು, ದೇವರಿದ್ದಾನೆ” ಎಂದುಕೊಂಡು ಅವರು ಕೆಂಡದಂತೆ ಕಾದಿದ್ದ ಸೈಲೆನ್ಸರನ್ನು ಹೊಟ್ಟಿನ ಮೇಲೆಯೇ ತಂದು ನಿಲ್ಲಿಸಿದರು.

ಮೊದಲ ಪಂಕ್ತಿಯಲ್ಲಿ ಉಂಡ ನಿಂಗಮ್ಮ ಕಾಲು ಚಾಚಬೇಕೆಂದಳು. ರಂಜಿತಾ, ನಾನು ಆಚೆ ಈಚೆ ಹಿಡಿದು ಮೆಲ್ಲಗೆ ಮೈದಾನಕ್ಕೆ ನಡೆಸಿಕೊಂಡು ಹೋಗಿ ಆಟೊದ ಹಿಂದಿನ ಸೀಟಿನಲ್ಲಿ ಮಲಗಿಸಿ, ಮುಯ್ಯಿ ಮಾಡಿ ಬರುತ್ತೇವೆಂದು ಒಳಗೆ ಹೋದೆವು.

ನಾವಿನ್ನೂ ಸ್ಟೇಜಿನ ಸಾಲಿನಲ್ಲಿದ್ದೆವು. ಹೊರಗಿನಿಂದ ಕೂಗು ಕೇಳಿತು.

“ಕರೆಂಟ್ ಆಟೊಕ್ಕೆ ಬೆಂಕಿ! ಬ್ಯಾಟ್ರಿ ಬ್ಲಾಸ್ಟ್ ಆಯ್ತದೆ, ಓಡ್ರೋ!”

“ಅತ್ತೆ” ಎಂದವಳೇ ರಂಜಿತಾ ಸಾಲು ಬಿಟ್ಟು ಹಾರಿದಳು. ನಾನು ಹಿಂದೆಯೇ ಓಡಿದೆ. ಮೈದಾನದಲ್ಲಿದ್ದವರೆಲ್ಲ ಗೇಟಿನಿಂದ ಈಚೆ ನುಗ್ಗಿ ಬರುತ್ತಿದ್ದರು. ಮೂಲೆಯಲ್ಲಿ ಬೂದು ಹೊಗೆ ಕವಿದು ಆಟೊ ಅರ್ಧವೂ ಕಾಣುತ್ತಿರಲಿಲ್ಲ. ಅಡುಗೆಮನೆಯ ಗೋಡೆ ಬಳಿ ನೀರು ತುಂಬಿದ ಡ್ರಮ್ಮುಗಳಿದ್ದವು. ಯಾರೋ ಬಕೆಟ್ ಎತ್ತಿದರೆ ಉಳಿದವರು ಕಿತ್ತುಕೊಂಡರು.

“ನೀರ್ ಹಾಕ್ಬ್ಯಾಡ! ಶಾಕ್ ಹೊಡಿತದೆ! ವಿಡಿಯೊ ನೋಡಿಲ್ವಾ?”

“ಒಳಗೆ ನಮ್ಮತ್ತೆ ಅವ್ರೆ!” ರಂಜಿತಾ ಚೀರಿದಳು.

ಒಬ್ಬರೂ ಮುಂದೆ ಹೆಜ್ಜೆ ಇಡಲಿಲ್ಲ. ಯಾರೋ ಅವಳ ರಟ್ಟೆ ಹಿಡಿದರು. ಅವಳು ಕೊಸರಿಕೊಂಡು ಗೇಟು ದಾಟಿದಳು. ನಾನು ದಾಟುವಷ್ಟರಲ್ಲಿ ಜವರಯ್ಯ ಗೇಟು ಎಳೆದು ಚಿಲಕ ಹಾಕಿಬಿಟ್ಟ.

ಒಂದು ಮಾತು ಇಲ್ಲಿ ಹೇಳಲೇಬೇಕು. ಆಟೊ ಸಿಡಿಯುವುದಿಲ್ಲವೆಂದು ಗೊತ್ತಿದ್ದು ಅವಳು ಹೋದವಳಲ್ಲ. ಸಿಡಿಯುತ್ತದೆಂದೇ ನಂಬಿದ್ದಳು, ನಾವೆಲ್ಲ ನಂಬಿದ್ದಷ್ಟೇ ನಂಬಿದ್ದಳು. ನಂಬಿಕೊಂಡೇ ಹೋದಳು.

ಸೆರಗು ಮೂಗಿಗೆ ಒತ್ತಿ ಹೊಗೆಯೊಳಗೆ ಹೊಕ್ಕಳು. ಒಳಗೆ ನಡೆದದ್ದನ್ನು ಆಮೇಲೆ ಅವಳೇ ನನಗೆ ಹೇಳಿದ್ದು. ನಿಂಗಮ್ಮ ಕೆಮ್ಮುತ್ತ ಸರಳು ಹಿಡಿದು ಕೂತಿದ್ದಳು. ರಂಜಿತಾ ಅತ್ತೆಯ ಕಂಕುಳಿಗೆ ಕೈ ಹಾಕಿ ಎಳೆದಳು. ದೊಡ್ಡ ಮೈಯಿನ ಹೆಂಗಸು, ಅಲುಗಲಿಲ್ಲ. ಎರಡನೇ ಸಲ ಎಳೆಯುವಾಗ ಕೈ ಜಾರಿ ಸೀಟಿನ ಕೆಳಗೆ ತಾಗಿತು. ದಿನಾ ಬೆಳಿಗ್ಗೆ ಮುಟ್ಟುವ ಜಾಗ. ಅಲ್ಲಿ ತಣ್ಣಗಿತ್ತು. ಪಕ್ಕಕ್ಕೆ ತಿರುಗಿ ನೋಡಿದಳು. ಹೊಗೆ ಏಳುತ್ತಿದ್ದುದು ಜೀಪಿನ ಹೊಟ್ಟೆಯ ಕೆಳಗಿನ ಹೊಟ್ಟಿನಿಂದ. ಕೆಂಪು ಅಂಚು ಹರಿದಾಡುತ್ತ ಆಟೊದ ಚಕ್ರದ ಹತ್ತಿರಕ್ಕೇ ಬಂದಿತ್ತು.

ಎಳೆಯುವುದು ಬಿಟ್ಟು ಮುಂದಿನ ಸೀಟಿಗೆ ಹಾರಿ ಕೀಲಿ ತಿರುಗಿಸಿದಳು.

ನಾವು ಕಂಡದ್ದು ಇಷ್ಟು: ಹೊಗೆಯೊಳಗಿನಿಂದ ಆಟೊ ಸದ್ದೇ ಇಲ್ಲದೆ ನಮ್ಮ ಕಡೆಗೇ ಬಂತು. ಗೇಟಿನ ಹತ್ತಿರ ನಿಂತಿದ್ದವರು ಚೆಲ್ಲಾಪಿಲ್ಲಿಯಾಗಿ ಓಡಿದರು.

“ಗೇಟ್ ತೆಗೀ ಜವರಣ್ಣ!”

“ಬ್ಯಾಡ ಕಣವ್ವ, ನಿನ್ ಕಾಲಿಗ್ ಬೀಳ್ತೀನಿ. ಮುಂದ್ಗಡೆ ಇಡೀ ಮದ್ವೆ ಜನ ಅವ್ರೆ, ಮಕ್ಳವ್ರೆ. ಅದ್ನ ಇತ್ಲಾಗೆ ತರ್ಬ್ಯಾಡ!” ಜವರಯ್ಯ ಎರಡೂ ಕೈಯಲ್ಲಿ ಚಿಲಕ ಒತ್ತಿ ಹಿಡಿದ.

“ಇದಲ್ಲ ಅಣ್ಣ, ಜೀಪು! ಜೀಪಿನ್ ಕೆಳ್ಗೆ ಹೊಟ್ಟು ಉರೀತಾ ಅದೆ!”

ಅವನಿಗೆ ಕೇಳಿಸಿದರೂ ತಲೆಗೆ ಹೋಗಲಿಲ್ಲ. ಹಿಂದೆ ಬೆಂಕಿ, ಮುಂದೆ ಚಿಲಕ, ನಡುವೆ ಅತ್ತೆ ಸೊಸೆ. ನಾನು ಜವರಯ್ಯನ ಕೈ ಗುದ್ದಿದೆ, ಚಿಲಕ ಜಗ್ಗಿದೆ. ಅವನು ಬಿಡಲಿಲ್ಲ. ಆಗ ನಿಂಗಮ್ಮ ಕೆಮ್ಮುತ್ತಲೇ ತಲೆ ಹೊರಗೆ ಹಾಕಿದಳು.

“ಲೇ ಜವ್ರಾ! ಬೆಳಿಗ್ಗೆ ನನ್ ಕೈ ಹಿಡ್ಕಂಡು ಒಳೀಕೆ ಕರ್ಕಂಡೋಗಿದ್ದು ಇಲ್ಲಿ ಸುಡಕ್ಕೇನ್ಲಾ?”

ಅಷ್ಟರಲ್ಲಿ ಢಮ್ ಎಂದು ಸಿಡಿಯಿತು.

ಎಲ್ಲರೂ ನೆಲಕ್ಕೆ ಬಿದ್ದೆವು. ಕಿವಿ ಗುಂಯ್ ಎನ್ನುತ್ತಿತ್ತು. ಮುಗಿಯಿತು, ಇಬ್ಬರೂ ಹೋದರು ಎಂದುಕೊಂಡೆ. ತಲೆ ಎತ್ತಿ ನೋಡುತ್ತೇನೆ, ಆಟೊ ಗೇಟಿನಾಚೆ ಹಾಗೇ ನಿಂತಿದೆ. ಒಳಗೆ ನಿಂಗಮ್ಮ ಕೂತೇ ಇದ್ದಾಳೆ. ಸಿಡಿದದ್ದು ಜೀಪಿನ ಟೈರು. ಮೂಲೆಯಲ್ಲಿ ಜೀಪು ಭುಗಿಲೆದ್ದು ಉರಿಯುತ್ತಿತ್ತು. ಸ್ವಲ್ಪ ಹೊತ್ತಿನ ಮುಂಚೆ ಆಟೊ ನಿಂತಿದ್ದ ಜಾಗವನ್ನೂ ಬೆಂಕಿ ನುಂಗಿತ್ತು.

ಜವರಯ್ಯ ಅಳುತ್ತ ಚಿಲಕ ತೆಗೆದ. ಆಟೊ ಈಚೆ ಬಂದ ಮೇಲೆ ಮೊದಲ ಬಕೆಟ್ ನೀರು ಹೊತ್ತು ಓಡಿದವನೂ ಅವನೇ. ಫೈರ್ ಇಂಜಿನ್ ಬರುವ ಹೊತ್ತಿಗೆ ಜೀಪು ಕರಿ ಅಸ್ಥಿಪಂಜರವಾಗಿತ್ತು. ಪೂವಯ್ಯನವರು ಅದರ ಮುಂದೆ ನಿಂತು, “ತಪ್ಪು ನಂದೇ ಅಲ್ಲವಾ ಮಾರಾಯ್ತಿ, ನಂದೇ” ಎಂದು ರಂಜಿತಾಳಿಗೆ ಹೇಳುತ್ತಲೇ ಇದ್ದರು. ಮಾರನೆಯ ಬೆಳಿಗ್ಗೆ ಜವರಯ್ಯ ಇಡೀ ಮೈದಾನದ ಹೊಟ್ಟನ್ನು ಒಬ್ಬನೇ ಬಾಚಿ ಹೊರಗೆ ಹಾಕಿದನಂತೆ.

ಸತ್ಯ ಚಪ್ಪಲಿ ಮೆಟ್ಟುವಷ್ಟರಲ್ಲಿ ಸುಳ್ಳು ಊರು ಸುತ್ತಿ ಬಂದಿತ್ತು. ಮೂರನೆಯ ದಿನ ಬ್ಲೌಸುಗಳ ಗಂಟು ಕೊಡಲು ನಾನು ಹಾರಂಗಿಗೆ ಹೊರಟೆ, ಅವಳ ಆಟೊದಲ್ಲೇ. ಬಸ್ ಸ್ಟ್ಯಾಂಡಿನಲ್ಲಿ ಒಬ್ಬ ಫೋನಿನಲ್ಲಿ ಮಾತಾಡುತ್ತಲೇ ಹತ್ತಿ ನನ್ನ ಪಕ್ಕ ಕೂತ. ಊರು ದಾಟಿದ ಮೇಲೆ ಫೋನು ಇಟ್ಟು ನನ್ನ ಕಡೆ ತಿರುಗಿದ.

“ಗೊತ್ತಾಯ್ತಾ ಅಕ್ಕ? ಮಂಟಪದ ಹತ್ರ ಕರೆಂಟಿನ್ ಆಟೊ ಸಿಡಿದೋಯ್ತಂತೆ. ಪಕ್ಕದಲ್ಲಿದ್ದ ಜೀಪೂ ಬೂದಿ. ಡ್ರೈವರ್ ಹೆಂಗ್ಸು, ಅವರತ್ತೆ, ಇಬ್ರೂ ಹೋದ್ರಂತೆ ಪಾಪ.”

ರಂಜಿತಾ ಆಟೊ ಪಕ್ಕಕ್ಕೆ ಹಾಕಿ ನಿಲ್ಲಿಸಿದಳು. ಹಿಂದೆ ತಿರುಗಿ ಅವನನ್ನೇ ನೋಡಿದಳು.

“ಸೀಟಿನ ಕೆಳಗೆ ಕೈ ಇಟ್ಟು ನೋಡಿ ಅಣ್ಣ. ಬಿಸಿ ಅದಾ?”

ಅವನು ಅರ್ಥವಾಗದೆ ಇಟ್ಟ. “ಇಲ್ಲ.”

“ಇದೇ ಆ ಆಟೊ. ಆ ಸತ್ತೋಳು ನಾನೇ. ನಮ್ಮತ್ತೆ ಮನೇಲಿ ಹುಣಸೆಹಣ್ಣು ಬಿಡಿಸ್ತಾ ಕೂತವ್ರೆ.”

ಅವನು ಕೈ ಸುಟ್ಟವನಂತೆ ಎಳೆದುಕೊಂಡ. ತಟ್ಟನೆ ಇಳಿದ. ಹಾರಂಗಿ ಇನ್ನೂ ದೂರವಿತ್ತು, ಬ್ಯಾಗು ಹೆಗಲಿಗೆ ಹಾಕಿ ನಡೆದೇ ಹೊರಟ. ನನಗೆ ಸಿಟ್ಟಿಗೆ ಅಳುವೇ ಬಂತು. ಬೆಂಕಿಯಿಂದ ಈಚೆ ಬಂದವಳು ಇನ್ನು ಯಾವ ಪರೀಕ್ಷೆ ಕೊಡಬೇಕು ಇವರಿಗೆ?

ಅವಳು ಅಳಲಿಲ್ಲ. ಆಟೊವನ್ನು ಮೆಲ್ಲಗೆ ಅವನ ಜೊತೆಜೊತೆಗೆ ಬಿಟ್ಟಳು.

“ಬಿಸ್ಲು ಜೋರಾಗದೆ. ಹತ್ತಿ ಅಣ್ಣ.”

ಅವನು ನಿಂತ. ಅವಳ ಮುಖ ನೋಡಿದ, ನನ್ನ ಮುಖ ನೋಡಿದ. ಆಮೇಲೆ ಬಗ್ಗಿ ಸೀಟಿನ ಕೆಳಗೆ ಇನ್ನೊಂದು ಸಲ ಅಂಗೈ ಇಟ್ಟು ನೋಡಿ, ಹತ್ತಿ ಕೂತ.